ಎಂಡೋಥೀಲಿಯಂಗೆ ‘ಒಳಪದರ’ ಎಂದರೆ ಸಾಕೇ?

ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿರುವವರಿಗಾಗಿ, ಕೊಲೆಸ್ಟರಾಲ್ ಇಳಿಸುವ ಚಿಕಿತ್ಸೆಯನ್ನು ಕುರಿತ ಕಿರುಹೊತ್ತಗೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಎಂಡೋಥೀಲಿಯಂ ಎಂಬುದಕ್ಕೆ ‘ರಕ್ತನಾಳದ ಒಳಪದರ’ ಎಂದು ಬರೆಯುವ ರೂಢಿಯಿದೆಯಾದರೂ ಅದು ಅರ್ಥಕ್ಕೆ ತೊಡಕಾಗುತ್ತಿದೆ.

ಅಪಧಮನಿಯ ಗೋಡೆಗೆ ಮೂರು ಪದರಗಳಿವೆ. ಕೊಲೆಸ್ಟರಾಲ್ ಸೇರಿಕೊಂಡು ಗೋಡೆ ದಪ್ಪವಾಗುವುದು ಒಳಗಿನ ಪದರದಲ್ಲಿ. ಎಂಡೋಥೀಲಿಯಂ ಆ ಪದರದ ಒಂದು ಭಾಗ ಮಾತ್ರ. ಹರಿಯುವ ರಕ್ತಕ್ಕೆ ನೇರವಾಗಿ ತಾಗಿಕೊಂಡಿರುವ, ಒಂದೇ ಸಾಲು ಜೀವಕೋಶಗಳ ಹಾಸು. ಅದು ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡಿ ನಾಳದ ಸ್ನಾಯುವನ್ನು ಸಡಿಲಿಸುತ್ತದೆ, ರಕ್ತ ಅನಗತ್ಯವಾಗಿ ಹೆಪ್ಪುಗಟ್ಟದಂತೆಯೂ ಕಾಯುತ್ತದೆ. ತೋಳಿಗೆ ಪಟ್ಟಿ ಬಿಗಿದು, ಸುಮಾರು 5 ನಿಮಿಷ ರಕ್ತವನ್ನು ತಡೆದು, ಪಟ್ಟಿ ಸಡಿಲಿಸಿದ ಬಳಿಕ ಅಪಧಮನಿ ಎಷ್ಟು ಹಿಗ್ಗಿತೆಂದು ಅಲ್ಟ್ರಾಸೌಂಡಿನಲ್ಲಿ ಅಳೆದರೆ ಈ ಹಾಸಿನ ಆರೋಗ್ಯ ತಿಳಿಯುತ್ತದೆ.

1999ರಲ್ಲಿ ಪ್ರಕಟವಾದ ‘ರೆಸಿಫೆ’ ಅಧ್ಯಯನದಲ್ಲಿ, ಹೃದಯಾಘಾತ ಅಥವಾ ಅಸ್ಥಿರ ಎದೆನೋವಿಗೆ ಒಳಗಾದವರಿಗೆ ಪ್ರವಾಸ್ಟಾಟಿನ್ (ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಔಷಧ) ಕೊಟ್ಟಾಗ ಈ ಹಿಗ್ಗುವಿಕೆ 6 ವಾರಗಳಲ್ಲೇ ಸುಧಾರಿಸಿತು. ಅಷ್ಟು ಬೇಗ ಚೇತರಿಸಿಕೊಂಡದ್ದು ಹಾಸಿನ ಕೆಲಸವೇ ಹೊರತು, ವರ್ಷಗಟ್ಟಲೆ ಗೋಡೆಯಲ್ಲಿ ಕೂಡಿಕೊಂಡ ಕೊಬ್ಬು ಕರಗಿಹೋಯಿತೆಂದಲ್ಲ. ‘ಒಳಪದರ ಸುಧಾರಿಸಿತು’ ಎಂದು ಬರೆದರೆ ಈ ಎರಡೂ ಒಂದೇ ಆಗಿಬಿಡುತ್ತವೆ. ಸ್ಟಾಟಿನ್‌ಗಳನ್ನು ‘ಕೊಬ್ಬು ಕರಗಿಸುವ ಮಾತ್ರೆ’ ಎನ್ನುವುದರಲ್ಲೂ ಇದೇ ತೊಂದರೆಯಿದೆ. ಅವು ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಿಕೆಯನ್ನು ತಗ್ಗಿಸುತ್ತವೆ. ಆಗ ಯಕೃತ್ತು ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು, ಅಂದರೆ ‘ಕೆಟ್ಟ’ ಕೊಲೆಸ್ಟರಾಲನ್ನು, ಹೆಚ್ಚಾಗಿ ಸೆಳೆದುಕೊಳ್ಳುತ್ತದೆ. ಕರಗಿಸುವ ಕೆಲಸ ಮುಗಿಯಿತೆಂದುಕೊಂಡವರು, ವರದಿ ಚೆನ್ನಾಗಿ ಬಂದ ಕೂಡಲೇ ವೈದ್ಯರನ್ನು ಕೇಳದೆ ಮಾತ್ರೆ ಬಿಡುವ ಅಪಾಯವಿರುವುದರಿಂದ, ಇಲ್ಲಿ ಪದದ ಆಯ್ಕೆ ನನಗೆ ಸಣ್ಣ ಸಂಗತಿಯಾಗಿ ಕಾಣುತ್ತಿಲ್ಲ.

‘ಒಳಪೊರೆ’ ಎನ್ನಬಹುದಿತ್ತು. ಆದರೆ ಪೊರೆಯೆಂದೊಡನೆ ಕಣ್ಣಿನ ಪೊರೆ, ಅಂದರೆ ತೆಗೆಸಬೇಕಾದ ವಸ್ತು, ನೆನಪಾಗುತ್ತದೆ. ಹಾಗಾಗಿ ‘ನಾಳದ ಒಳಹಾಸು’ ಎಂದು ಬರೆದು, ಮೊದಲ ಬಳಕೆಯಲ್ಲಿ ಮಾತ್ರ ಎಂಡೋಥೀಲಿಯಂ ಎಂಬ ಮೂಲಪದವನ್ನು ಜೊತೆಗಿಡಬೇಕೆಂದಿದ್ದೇನೆ. ಅದರ ಕೆಲಸ ಕುಂದಿರುವುದಕ್ಕೆ ‘ವೈಫಲ್ಯ’ ಎಂಬುದು ಅತಿಯಾಯಿತು, ‘ಕಾರ್ಯದೋಷ’ ಸರಿಯೆನಿಸುತ್ತದೆ.

‘ಒಳಹಾಸು’ ಪದವು ವೈದ್ಯಕೀಯ ಬರಹಗಳಲ್ಲಿ ಬೇರೆ ಅಂಗದ ಬಗ್ಗೆ ಈಗಾಗಲೇ ನೆಲೆಗೊಂಡಿದೆಯೇ, ಮತ್ತು ಪರಿಭಾಷೆಯ ಪರಿಚಯವಿಲ್ಲದ ಓದುಗರಿಗೆ ಅದು ಜೀವಂತವಾಗಿ ಕೆಲಸಮಾಡುವ ಭಾಗವೆಂದು ಹೊಳೆಯುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.