ರೋಮ್‌ನಲ್ಲಿ ಎರಡೂವರೆ ದಿನ: ಮೊಣಕಾಲು ನೋವಿರುವ ಅಮ್ಮನೊಂದಿಗೆ ಏನೇನು ನೋಡಬಹುದು?

ಪ್ರಶ್ನೆ: ತೋಟದಮನೆ, ಸಾಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಈ ಸಲ ಅಡಿಕೆಯ ಕೊನೆಕೊಯ್ಲು ಜನವರಿಯಲ್ಲೇ ಮುಗಿಯುವ ಲಕ್ಷಣವಿದೆ. ಅಡಿಕೆ ಬೇಯಿಸಿ ಒಣಗಿಸುವ ಕೆಲಸವೂ ಫೆಬ್ರುವರಿಯೊಳಗೆ ಒಂದು ಹದಕ್ಕೆ ಬರುವುದರಿಂದ, ಮಾರ್ಚ್ ತಿಂಗಳಲ್ಲಿ ಮ್ಯೂನಿಕ್‌ನಲ್ಲಿರುವ ತಂಗಿಯ ಮನೆಗೆ ಮೂರು ವಾರದ ಮಟ್ಟಿಗೆ ಹೋಗಿಬರುವುದೆಂದು ನಿಶ್ಚಯಿಸಿದ್ದೇವೆ. ಹೊರಟಿರುವವರು ನಾನು, ನನ್ನ ಪತ್ನಿ ಮತ್ತು ಅರವತ್ತೆಂಟು ವರ್ಷದ ಅಮ್ಮ. ಅಷ್ಟು ದೂರ ಹೋದಮೇಲೆ ರೋಮ್ ನಗರವನ್ನೂ ನೋಡಿಬಿಡಬೇಕೆಂಬ ಆಸೆಯಿಂದ, ಮೂರನೆಯ ವಾರದ ಗುರುವಾರ ರಾತ್ರಿ ಅಲ್ಲಿಗೆ ತಲುಪಿ ಭಾನುವಾರ ಸಂಜೆ ಏಳರ ವಿಮಾನಕ್ಕೆ ಹಿಂತಿರುಗುವಂತೆ ಟಿಕೆಟ್ ಮಾಡಿಸಿದ್ದೇನೆ.

ನಾನು ಹಾಕಿಕೊಂಡಿರುವ ಲೆಕ್ಕ ಹೀಗಿದೆ. ಶುಕ್ರವಾರ ಕೊಲೋಸಿಯಮ್, ಫೋರಂ ಎಂಬ ಹಳೆಯ ರೋಮಿನ ಚೌಕದ ಅವಶೇಷಗಳು ಮತ್ತು ಪ್ಯಾಲಟೈನ್ ಗುಡ್ಡ; ಶನಿವಾರ ಪ್ಯಾಂಥಿಯನ್, ಟ್ರೆವಿ ಕಾರಂಜಿ, ಸ್ಪ್ಯಾನಿಷ್ ಮೆಟ್ಟಿಲು ಮತ್ತು ಬೋರ್ಗೇಸೆ ಗ್ಯಾಲರಿ; ಭಾನುವಾರ ಬೆಳಿಗ್ಗೆ ವ್ಯಾಟಿಕನ್ ಮ್ಯೂಸಿಯಂ. ರೋಮ್‌ನಿಂದ ಫ್ಲಾರೆನ್ಸಿಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿಯಷ್ಟೇ, ಅದನ್ನೂ ಒಂದು ದಿನ ಸೇರಿಸಿಕೊಳ್ಳಿ ಎಂದು ತಂಗಿ ಒತ್ತಾಯಿಸುತ್ತಿದ್ದಾಳೆ.

ಅಮ್ಮನಿಗೆ ಮೊಣಕಾಲು ನೋವಿದೆ. ಸಮತಟ್ಟಾದ ನೆಲದಲ್ಲಿ ಒಂದು ಗಂಟೆ ನಡೆಯಬಲ್ಲರು. ಮೆಟ್ಟಿಲೆಂದರೆ ಮಾತ್ರ ಕಷ್ಟ. ಕಳೆದ ವರ್ಷ ಕವಲೇದುರ್ಗಕ್ಕೆ ಹೋದಾಗ ಅರ್ಧ ದಾರಿಯಲ್ಲೇ ಒಂದು ಕಲ್ಲಿನ ಮೇಲೆ ಕುಳಿತು, "ನೀವು ನೋಡಿ ಬನ್ನಿ" ಎಂದುಬಿಟ್ಟರು. ರೋಮ್‌ನಲ್ಲೂ ಅದೇ ಮಾತನ್ನು ಅವರಿಂದ ಕೇಳಲು ನನಗೆ ಇಷ್ಟವಿಲ್ಲ. ನಾವು ಮೂವರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಈ ಯೋಜನೆಯಲ್ಲಿ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದನ್ನು ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಉಪನ್ಯಾಸಕಿ, ಶಿವಮೊಗ್ಗ

ತಮ್ಮ ಯೋಜನೆಯಲ್ಲಿ ಮೊದಲು ತಿದ್ದಬೇಕಾದದ್ದು ಭಾನುವಾರ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಮುಚ್ಚಿರುತ್ತದೆ. ತಿಂಗಳ ಕೊನೆಯ ಭಾನುವಾರ ಮಾತ್ರ ಉಚಿತವಾಗಿ ತೆರೆಯುತ್ತಾರೆ; ಅಂದು ಸೇರುವ ಜನವನ್ನು ನೋಡಿದರೆ ದುಡ್ಡು ಕೊಟ್ಟು ಬೇರೆ ದಿನ ಬರುವುದೇ ಲೇಸೆನಿಸುತ್ತದೆ. ತಾವಿರುವುದು ಮೂರನೆಯ ವಾರವಾದ್ದರಿಂದ ಆ ಪ್ರಶ್ನೆಯೇ ಏಳುವುದಿಲ್ಲ. ವ್ಯಾಟಿಕನ್ನನ್ನು ಶುಕ್ರವಾರ ಬೆಳಿಗ್ಗೆ ಮೊದಲ ಹೊತ್ತಿಗೆ ಹಾಕಿಕೊಂಡು, ಕೊಲೋಸಿಯಮ್ಮನ್ನು ಭಾನುವಾರಕ್ಕೆ ತನ್ನಿ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಕೊಲೋಸಿಯಮ್ಮಿನಿಂದ ವೆನೇಜಿಯಾ ಚೌಕದವರೆಗೆ ಹೋಗುವ ಫೋರಿ ಇಂಪೀರಿಯಾಲಿ ಎಂಬ ಅಗಲವಾದ ರಸ್ತೆಯಲ್ಲಿ ಭಾನುವಾರ ವಾಹನ ಸಂಚಾರವನ್ನು ನಿಲ್ಲಿಸುತ್ತಾರೆ. ಎರಡೂ ಬದಿಯ ಅವಶೇಷಗಳನ್ನು ನೋಡುತ್ತಾ, ಬೇಕೆಂದಲ್ಲಿ ನಿಲ್ಲುತ್ತಾ, ತಾಯಿಯವರು ರಸ್ತೆಯ ನಡುವೆಯೇ ನಿಶ್ಚಿಂತೆಯಿಂದ ನಡೆಯಬಹುದು.

ಫ್ಲಾರೆನ್ಸನ್ನು ಖಂಡಿತ ಬಿಡಿ. ಎರಡೂವರೆ ದಿನದಲ್ಲಿ ಒಂದು ದಿನವನ್ನು ರೈಲಿಗೆ ಒಪ್ಪಿಸಿದರೆ ಎರಡು ಊರನ್ನೂ ನೋಡಿದಂತಾಗುವುದಿಲ್ಲ. ಬೋರ್ಗೇಸೆ ಗ್ಯಾಲರಿಯನ್ನೂ ಈ ಸಲಕ್ಕೆ ಕೈಬಿಡುವುದು ಒಳ್ಳೆಯದು. ಅಲ್ಲಿ ಮುಂಗಡವಾಗಿ ಸಮಯ ಗೊತ್ತುಮಾಡಿಸಿಕೊಂಡು, ಕೊಟ್ಟ ಎರಡು ಗಂಟೆಯೊಳಗೆ ನೋಡಿ ಹೊರಬರಬೇಕು.

ಆ ಬಿಡುವಿನಲ್ಲಿ, ತಮ್ಮ ಪಟ್ಟಿಯಲ್ಲಿಲ್ಲದ ಒಂದು ಜಾಗವನ್ನು ಸೇರಿಸಿಕೊಳ್ಳಬೇಕೆಂದು ಸಾಗರದ ಕಡೆಯವರಾದ ತಮ್ಮಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಕ್ಯಾಪಿಟಲೈನ್ ಗುಡ್ಡದ ಮೇಲೆ ಸಾಂತಾ ಮರಿಯಾ ಇನ್ ಅರಾಚೇಲಿ ಎಂಬ ಹಳೆಯ ಚರ್ಚಿದೆ. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಪ್ರವಾಸಿಯ ಸಮಾಧಿ ಇರುವುದು ಅಲ್ಲಿಯೇ. 1623ರ ನವೆಂಬರಿನಲ್ಲಿ ಇದೇ ಮನುಷ್ಯ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ, ಗೋವೆಯಿಂದ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ, ಕೆಳದಿಯ ದೊರೆ ವೆಂಕಟಪ್ಪ ನಾಯಕನ ಆಸ್ಥಾನವಿದ್ದ ಇಕ್ಕೇರಿಗೆ ಬಂದಿದ್ದ. ಇಕ್ಕೇರಿಯ ಬೀದಿಗಳು, ಅಘೋರೇಶ್ವರ ದೇವಾಲಯ, ಕೋಲು ಹಿಡಿದು ಕುಣಿಯುವ ಹೆಣ್ಣುಮಕ್ಕಳು, ಇವೆಲ್ಲವನ್ನೂ ಆತ ನೇಪಲ್ಸಿನ ಗೆಳೆಯನಿಗೆ ಬರೆದ ಪತ್ರಗಳಲ್ಲಿ ಕಾಣಬಹುದು. ಘಟ್ಟದ ಮೇಲಿನ ಒಂದು ಹನುಮಂತನ ಗುಡಿಯ ಜಗಲಿಯಲ್ಲಿ ಕೂಲಿಯವರು ಹೊರೆ ಕಟ್ಟುವುದನ್ನು ಕಾಯುತ್ತಿದ್ದಾಗ, ಪುಟ್ಟ ಹುಡುಗರು ನೆಲದ ಮೇಲೆ ನುಣುಪಾದ ಮರಳು ಹರಡಿಕೊಂಡು, ಒಟ್ಟಾಗಿ ರಾಗವಾಗಿ ಹೇಳುತ್ತಾ ಬೆರಳಿನಿಂದ ಲೆಕ್ಕ ಬರೆಯುತ್ತಿದ್ದುದನ್ನು ನೋಡಿ ಆತ ಬೆರಗಾದನಂತೆ. ಕಾಗದ ಬೇಡ, ಮಸಿ ಬೇಡ. ಮರಳು ತುಂಬಿದರೆ ಅಳಿಸಿ ಮತ್ತೆ ಬರೆಯುವುದು. ನಮ್ಮ ತಂದೆಯವರು ಅಕ್ಷರ ಕಲಿತದ್ದೂ ಮರಳಿನ ಮೇಲೆಯೇ ಆದ್ದರಿಂದ, ಆ ಭಾಗವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಪಾಠ ಮುಂದಕ್ಕೆ ಹೋಗುತ್ತಿರಲಿಲ್ಲ.

ಆತನ ಪತ್ನಿ ಮಾನಿ ಬಾಗ್ದಾದಿನ ಕಡೆಯವಳು. ಪರ್ಷಿಯಾದಲ್ಲಿ ಆಕೆ ತೀರಿಕೊಂಡಾಗ ಅಲ್ಲೇ ಮಣ್ಣುಮಾಡಲು ಮನಸ್ಸೊಪ್ಪದೆ, ದೇಹವನ್ನು ಕೆಡದಂತೆ ಸಂಸ್ಕರಿಸಿ ಪೆಟ್ಟಿಗೆಯಲ್ಲಿಟ್ಟು ರೋಮಿಗೇ ಸಾಗಿಸಿ, 1627ರಲ್ಲಿ ಇದೇ ಅರಾಚೇಲಿ ಚರ್ಚಿನಲ್ಲಿ ಸಮಾಧಿ ಮಾಡಿದ. 1652ರಲ್ಲಿ ತಾನೂ ಅಲ್ಲಿಯೇ ಸೇರಿದ. ಇಕ್ಕೇರಿಯ ಗುಡಿಯನ್ನು ನಿತ್ಯ ನೋಡುವವರು ರೋಮಿಗೆ ಹೋಗಿ ಅಲ್ಲಿಗೆ ಹೋಗದೆ ಬಂದರೆ ನನಗಂತೂ ಬೇಸರವಾಗುತ್ತದೆ.

ಮೆಟ್ಟಿಲಿನ ವಿಷಯ: ಚರ್ಚಿನ ಮುಂಭಾಗದಲ್ಲಿ 124 ಮೆಟ್ಟಿಲುಗಳಿವೆ, 1348ರಲ್ಲಿ ಕಟ್ಟಿದ್ದು. ಅದನ್ನು ನೋಡಿ ಎದೆಗುಂದಬೇಡಿ. ಅದರ ಪಕ್ಕದಲ್ಲೇ ಮೈಕೆಲಾಂಜೆಲೊ ರೂಪಿಸಿದ ಕೊರ್ದೊನಾತಾ ಎಂಬ ಇಳಿಜಾರು ದಾರಿ ಕ್ಯಾಪಿಟಲೈನ್ ಚೌಕಕ್ಕೆ ಹೋಗುತ್ತದೆ. ಚೌಕದಿಂದ ಚರ್ಚಿನ ಪಕ್ಕದ ಬಾಗಿಲಿಗೆ ಹತ್ತಬೇಕಾದ ಮೆಟ್ಟಿಲು ಬಹಳ ಕಡಿಮೆ. ಆ ಚೌಕದ ಹಿಂಬದಿಗೆ ಬಂದು ನಿಂತರೆ ಇಡೀ ಫೋರಂ ಕಣ್ಣ ಕೆಳಗೆ ಹಾಸಿಕೊಂಡಂತೆ ಕಾಣುತ್ತದೆ, ಅದಕ್ಕೆ ಟಿಕೆಟ್ ಬೇಡ. ಫೋರಮ್ಮಿನೊಳಗೆ ಏರುಪೇರಾದ ಹಾಸುಗಲ್ಲುಗಳ ಮೇಲೆ ತಾಯಿಯವರನ್ನು ನಡೆಸುವುದಕ್ಕಿಂತ ಇಲ್ಲಿ ಅರ್ಧ ಗಂಟೆ ನಿಂತು ನೋಡುವುದೇ ಮೇಲು ಎಂದು ನನ್ನ ಅಭಿಪ್ರಾಯ.

ಉತ್ತರ 2: ಕುಶಾವತಿ, ತೀರ್ಥಹಳ್ಳಿ

ಉಪನ್ಯಾಸಕಿಯವರ ಮಾತಿಗೆ ಬಹುಮಟ್ಟಿಗೆ ನನ್ನ ಒಪ್ಪಿಗೆಯಿದೆ. ಆದರೆ ವ್ಯಾಟಿಕನ್ ಮ್ಯೂಸಿಯಂ ಬಗ್ಗೆ ನನ್ನದು ಬೇರೆ ಅಭಿಪ್ರಾಯ. ಮಿಲಾನ್‌ನಲ್ಲಿರುವ ಮಗನ ಜೊತೆ ನಾವು ದಂಪತಿಗಳು ಹೋಗಿದ್ದೆವು. ಒಂದರ ಹಿಂದೊಂದು ಬರುವ ಆ ಉದ್ದುದ್ದ ಮೊಗಸಾಲೆಗಳಲ್ಲಿ ಜನರ ನಡುವೆ ತಳ್ಳಿಸಿಕೊಂಡು ನಡೆದು ಸಿಸ್ಟೀನ್ ಪ್ರಾರ್ಥನಾ ಮಂದಿರ ಮುಟ್ಟುವ ಹೊತ್ತಿಗೆ, 1508ರಿಂದ 1512ರವರೆಗೆ ಮೈಕೆಲಾಂಜೆಲೊ ಚಿತ್ರಿಸಿದ ಆ ಛಾವಣಿಯನ್ನು ಕತ್ತೆತ್ತಿ ನೋಡುವ ತ್ರಾಣ ನನ್ನ ಪತ್ನಿಗೆ ಉಳಿದಿರಲಿಲ್ಲ. ಗೋಡೆಯ ಪಕ್ಕದ ಬೆಂಚಿನಲ್ಲಿ ಜಾಗ ಸಿಕ್ಕಿದ್ದೇ ಪುಣ್ಯ. ಹೋಗಲೇಬೇಕೆಂದಿದ್ದರೆ ಬಾಗಿಲಲ್ಲೇ ಗಾಲಿಕುರ್ಚಿ ಕೇಳಿ ಪಡೆಯಿರಿ, ಸಂಕೋಚಪಡಬೇಡಿ. ಇಲ್ಲವಾದರೆ ಸೇಂಟ್ ಪೀಟರ್ ಚರ್ಚನ್ನಷ್ಟೇ ನೋಡಿ. ಅದಕ್ಕೆ ಪ್ರವೇಶ ಶುಲ್ಕವಿಲ್ಲ, ತಪಾಸಣೆಯ ಸಾಲು ಬೆಳಿಗ್ಗೆ ಬೇಗ ಹೋದರೆ ಚಿಕ್ಕದಿರುತ್ತದೆ. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪಿರಬೇಕೆಂಬ ನಿಯಮ ಸೀರೆಯುಟ್ಟವರನ್ನು ಬಾಧಿಸುವುದಿಲ್ಲ. ಗುಮ್ಮಟದ ತುದಿಗೆ 551 ಮೆಟ್ಟಿಲು. ಲಿಫ್ಟಿನಲ್ಲಿ ಹೋದರೂ ಮೇಲೆ ಮತ್ತೆ 320 ಹತ್ತಬೇಕು. ಅದರ ಆಸೆ ಬೇಡ.

ಪ್ಯಾಂಥಿಯನ್ನಿಗೆ ಮಾತ್ರ ತಾಯಿಯವರನ್ನು ತಪ್ಪದೆ ಕರೆದುಕೊಂಡು ಹೋಗಿ. ನೆಲ ಸಮತಟ್ಟು, ಒಂದೇ ಕೋಣೆ, ಕುಳಿತು ನೋಡಲು ಆಸನಗಳಿವೆ. ಹೇಡ್ರಿಯನ್ ಚಕ್ರವರ್ತಿಯ ಕಾಲದ ಆ ಗುಮ್ಮಟದ ಅಡ್ಡಳತೆ 43 ಮೀಟರಿಗೂ ಹೆಚ್ಚು, ನೆಲದಿಂದ ಎತ್ತರವೂ ಅಷ್ಟೇ. ಒಳಗೆ ಒಂದು ತುಂಡು ಕಬ್ಬಿಣವನ್ನೂ ಇಡದ ಗಾರೆಯ ಕಟ್ಟಡ. ನಡುನೆತ್ತಿಯಲ್ಲಿ ಸುಮಾರು ಒಂಬತ್ತು ಮೀಟರ್ ಅಗಲದ ತೂತನ್ನು ಹಾಗೆಯೇ ಬಿಟ್ಟಿದ್ದಾರೆ. ನಾವು ಹೋದ ದಿನ ಮಳೆ ಬಂತು. ನೀರು ನೇರವಾಗಿ ಒಳಗೇ ಬಿತ್ತು. ಸಿಬ್ಬಂದಿ ನಡುವಿನ ಜಾಗಕ್ಕೆ ಹಗ್ಗ ಕಟ್ಟಿದರು. ನೆಲ ಕಣ್ಣಿಗೆ ಕಾಣದಷ್ಟು ಉಬ್ಬಿರುವುದರಿಂದ ನೀರು ಸಣ್ಣ ಸಣ್ಣ ರಂಧ್ರಗಳತ್ತ ಸರಿದು ಇಳಿದುಹೋಯಿತು. ಸುತ್ತಲಿದ್ದವರು ಫೋಟೋ ತೆಗೆಯುತ್ತಿದ್ದರೆ ನನ್ನ ಪತ್ನಿ, "ಇದು ತೊಟ್ಟಿಮನೆಯೇ ಅಲ್ಲವೇ?" ಎಂದಳು. ತೊಟ್ಟಿಯ ಮಳೆ ನೋಡಿ ಬೆಳೆದವರಿಗೆ ಆ ಕಟ್ಟಡವನ್ನು ಯಾರೂ ವಿವರಿಸಬೇಕಾಗಿಲ್ಲ. ಶನಿವಾರ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ಅಲ್ಲಿ ಪೂಜೆಯಿರುವುದರಿಂದ ಶುಕ್ರವಾರ ಮಧ್ಯಾಹ್ನವೇ ಹೋಗಿಬನ್ನಿ. 2023ರಿಂದ ಟಿಕೆಟ್ ಇಟ್ಟಿದ್ದಾರೆ; ಆಗ ಐದು ಯೂರೊ ಇತ್ತು.

ಊಟದ ಬಗ್ಗೆ ಒಂದು ಎಚ್ಚರಿಕೆ. ಮಾಂಸವಿಲ್ಲ ಎಂದರೆ ಸಸ್ಯಾಹಾರ ಎಂದು ಅವರು ತಿಳಿಯುತ್ತಾರೆ. ಆದರೆ ರೋಮಿನವರು ಎಲ್ಲದರ ಮೇಲೂ ಉದುರಿಸುವ ಪೆಕೊರಿನೊ ಚೀಸನ್ನು ಕುರಿಮರಿಯ ಜಠರದಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ, ಪಾರ್ಮೆಜಾನೊ ಚೀಸಿಗೆ ಕರುವಿನದು. ಇದನ್ನು ತಿಳಿದಮೇಲೆ ತಿನ್ನುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನಮ್ಮ ಮನೆಯಲ್ಲಿ ಬಿಟ್ಟೆವು. ವಿಚಿತ್ರವೆಂದರೆ ಕಾಳುಮೆಣಸಿಗೆ ಹೆಸರಾದ ಅವರ ಕಾಚೊ ಎ ಪೇಪೆ ಎಂಬ ತಿನಿಸಿನಲ್ಲಿ ಪಾಸ್ತಾ ಮತ್ತು ಮೆಣಸನ್ನು ಬಿಟ್ಟರೆ ಉಳಿದದ್ದೆಲ್ಲ ಆ ಚೀಸೇ. "ಸೆಂತ್ಸಾ ಫೊರ್ಮಾಜ್ಜೊ" ಎಂದರೆ ಚೀಸ್ ಬೇಡವೆಂದು ಅರ್ಥ. ಟೊಮೆಟೊ, ಬೆಳ್ಳುಳ್ಳಿ ಮಾತ್ರ ಹಾಕುವ ಮರಿನಾರಾ ಪಿಜ್ಜಾ, ಒಣಮೆಣಸಿನ ಖಾರವಿರುವ ಅರಾಬ್ಬಿಯಾತಾ ಪಾಸ್ತಾ ನಮ್ಮ ನಾಲಿಗೆಗೆ ಹೊಂದುತ್ತವೆ. ಮೊಟ್ಟೆ ಬೆರೆಸದ ಒಣ ಪಾಸ್ತಾ ಹೌದೇ ಎಂದು ಕೇಳಿಕೊಳ್ಳಿ. ಮಾರ್ಚ್‌ನಲ್ಲಿ ತಾವರೆಯ ಮೊಗ್ಗಿನಂತೆ ಕಾಣುವ ಆರ್ಟಿಚೋಕ್ ಎಂಬ ತರಕಾರಿ ಸಿಗುತ್ತದೆ. ಯಹೂದಿ ಕೇರಿಯ ಹೋಟೆಲುಗಳಲ್ಲಿ ಅದನ್ನು ಎಣ್ಣೆಯಲ್ಲಿ ಹಪ್ಪಳದಷ್ಟು ಗರಿಗರಿಯಾಗಿ ಕರಿದು ಕೊಡುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಡಿ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಹೋಗಿಬಿಡುತ್ತದೆ. ಒಪ್ಪಿಸುವ ಪೆಟ್ಟಿಗೆಗೆ ಹಾಕಿ.

ಉತ್ತರ 3: ಶರಾವತಿ ದಂಡೆ, ಹೊಸನಗರ

ಟಿಕೆಟ್ಟಿನ ವಿಷಯ ಯಾರೂ ಹೇಳಲಿಲ್ಲವೆಂದು ಬರೆಯುತ್ತಿದ್ದೇನೆ. ಕೊಲೋಸಿಯಮ್ ಟಿಕೆಟ್ ಸುಮಾರು ಮೂವತ್ತು ದಿನ ಮುಂಚೆ ಅಧಿಕೃತ ಜಾಲತಾಣದಲ್ಲಿ ಸಿಗುತ್ತದೆ, ಅದರಲ್ಲಿರುವ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು. ನಾನು ಅವಸರದಲ್ಲಿ ಒಬ್ಬ ಮಧ್ಯವರ್ತಿಯ ಜಾಲತಾಣದಿಂದ ಹೆಚ್ಚುಕಡಿಮೆ ಎರಡರಷ್ಟು ಹಣ ತೆತ್ತು ಕೊಂಡೆ; ಅದರಲ್ಲಿ ತಂದೆಯ ಹೆಸರನ್ನೂ ನನ್ನ ಹೆಸರನ್ನೂ ಅದಲುಬದಲು ಮಾಡಿದ್ದರು. ಬಾಗಿಲಲ್ಲಿ ವಿವರಿಸಿ ಒಳಗೆ ಹೋಗುವಷ್ಟರಲ್ಲಿ ಸಾಕುಸಾಕಾಯಿತು. ಒಳಗೆ ಮೇಲಂತಸ್ತಿಗೆ ಲಿಫ್ಟ್ ಇದೆ, ಸಿಬ್ಬಂದಿಯನ್ನು ಕೇಳಿದರೆ ತೋರಿಸುತ್ತಾರೆ.

ವಿಮಾನ ನಿಲ್ದಾಣದಿಂದ ತೆರ್ಮಿನಿ ನಿಲ್ದಾಣಕ್ಕೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು ನಡುವೆ ಎಲ್ಲೂ ನಿಲ್ಲದೆ 32 ನಿಮಿಷದಲ್ಲಿ ತಲುಪಿಸುತ್ತದೆ, ತಲೆಗೆ 14 ಯೂರೊ. ಮೆಟ್ರೊದ ಎ ಮತ್ತು ಬಿ ಮಾರ್ಗಗಳು ಕೂಡುವುದೂ ತೆರ್ಮಿನಿಯಲ್ಲೇ; ವ್ಯಾಟಿಕನ್ನಿಗೆ ಎ ಮಾರ್ಗದ ಒತ್ತಾವಿಯಾನೊ, ಕೊಲೋಸಿಯಮ್ಮಿಗೆ ಬಿ ಮಾರ್ಗದ ಕೊಲೊಸ್ಸೆಯೊ. 64ನೇ ನಂಬರಿನ ಬಸ್ಸಿನಲ್ಲಿ ಜೇಬುಗಳ್ಳರ ಕಾಟ ಪ್ರಸಿದ್ಧ.

ಅಮ್ಮನವರಿಗೆ ಚಪ್ಪಲಿ ಬೇಡ, ದಪ್ಪ ಅಟ್ಟೆಯ ಬೂಟು ಕೊಡಿಸಿ, ಈಗಿನಿಂದಲೇ ಹಾಕಿ ರೂಢಿಯಾಗಲಿ. ಬೀದಿಗಳಿಗೆ ಹಾಸಿರುವ ಕರಿಯ ಚೌಕಗಲ್ಲುಗಳ ಸಂದಿಯಲ್ಲಿ ಕಾಲು ಹೊರಳುತ್ತದೆ. ನೀರಿನ ಬಾಟಲಿ ಕೊಳ್ಳಬೇಡಿ. ಊರಿನಲ್ಲಿ ಸುಮಾರು 2,500 ಕಬ್ಬಿಣದ ನಲ್ಲಿಕಂಬಗಳಲ್ಲಿ ಕುಡಿಯುವ ನೀರು ಹಗಲಿರುಳು ಹರಿಯುತ್ತಿರುತ್ತದೆ. ಕೊಳವೆಯ ಬಾಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆಯೇ ಕುಡಿಯಬಹುದು. ಮೊದಲ ಸಲ ಮುಖಕ್ಕೆ ಹಾರುವುದು ಖಂಡಿತ.

ಮರುಪ್ರಶ್ನೆ: ತೋಟದಮನೆ, ಸಾಗರ ತಾಲ್ಲೂಕು

ಮೂವರಿಗೂ ವಂದನೆಗಳು. ಫ್ಲಾರೆನ್ಸ್ ಇಲ್ಲವೆಂದು ತಂಗಿಗೆ ತಿಳಿಸಿಯಾಯಿತು. ಶುಕ್ರವಾರ ಬೆಳಿಗ್ಗೆ ಸೇಂಟ್ ಪೀಟರ್ ಚರ್ಚು, ವಿಶ್ರಾಂತಿಯ ನಂತರ ಪ್ಯಾಂಥಿಯನ್, ಭಾನುವಾರ ಕೊಲೋಸಿಯಮ್. ವ್ಯಾಟಿಕನ್ ಮ್ಯೂಸಿಯಮ್ಮಿಗೆ ಶನಿವಾರ ಮಧ್ಯಾಹ್ನ ಪತ್ನಿ ಒಬ್ಬಳೇ ಹೋಗುತ್ತಾಳಂತೆ. ಆ ಹೊತ್ತು ನಾನು ಮತ್ತು ಅಮ್ಮ ಟ್ರೆವಿ ಕಾರಂಜಿಯ ಕಡೆ ಇರುತ್ತೇವೆ. ಒಂದೇ ಅನುಮಾನ: ಅರಾಚೇಲಿ ಚರ್ಚು ಮಧ್ಯಾಹ್ನ ಮುಚ್ಚುತ್ತದೆಯೇ?

ಉತ್ತರ 4: ನಿವೃತ್ತ ಉಪನ್ಯಾಸಕಿ, ಶಿವಮೊಗ್ಗ

ಮಧ್ಯಾಹ್ನದ ಹೊತ್ತು ಬಾಗಿಲು ಹಾಕುವ ಚರ್ಚುಗಳು ರೋಮಿನಲ್ಲಿ ಬಹಳ. ಶನಿವಾರ ಬೆಳಿಗ್ಗೆ ಹತ್ತರೊಳಗೆ ಹೋಗಿಬಿಡಿ. ಆಗ ಜನವೂ ಕಡಿಮೆ, ಒಳಗೆ ಕುಳಿತುಕೊಳ್ಳಲು ಬೆಂಚುಗಳೂ ಖಾಲಿ ಇರುತ್ತವೆ.

ತೋಟದಮನೆ, ಸಾಗರ ತಾಲ್ಲೂಕು

ಹಾಗೆಯೇ ಮಾಡುತ್ತೇವೆ. ನಿನ್ನೆ ರಾತ್ರಿ ತಮ್ಮ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ಕೊಲೋಸಿಯಮ್, ಗುಮ್ಮಟ ಯಾವುದಕ್ಕೂ ಹೂಂಗುಟ್ಟದೆ ಅಡಿಕೆ ಆರಿಸುತ್ತಿದ್ದವರು ಮರಳಿನ ಮೇಲೆ ಲೆಕ್ಕ ಬರೆಯುವ ಹುಡುಗರ ಸಾಲು ಬಂದಾಗ ಕೈ ನಿಲ್ಲಿಸಿ, ಅದನ್ನು ಇನ್ನೊಂದು ಸಲ ಓದು ಎಂದರು. ಬೂಟು ಕೊಳ್ಳಲು ಸೋಮವಾರ ಸಾಗರಕ್ಕೆ ಹೊರಡುತ್ತಿದ್ದೇವೆ.