ಸಹಾಯ ಬೇಕು: ಬೂಷ್ಟು ಹಿಡಿದ ದೇವರ ಪಟ ಏನು ಮಾಡೋದು?

ನಮ್ಮದು ಮಂಗಳೂರು ಕಡೆಯ ಕಥೋಲಿಕ ಕುಟುಂಬ, ಈಗ ಬೆಂಗಳೂರಿನ ಸಣ್ಣ ಫ್ಲ್ಯಾಟ್‌ನಲ್ಲಿದ್ದೇವೆ. ಅತ್ತೆ ಕೊಟ್ಟ ಯೇಸುವಿನ ಪವಿತ್ರ ಹೃದಯದ ಪಟ ಹಾಲ್‌ನಲ್ಲಿದೆ. ಗರಿಗಳ ಭಾನುವಾರ (ಈಸ್ಟರ್‌ಗೆ ಮುಂಚಿನ ಭಾನುವಾರ) ಚರ್ಚಿನಿಂದ ತಂದ ತಾಳೆ ಗರಿ ಅದರ ಹಿಂದೆ ಸಿಕ್ಕಿಸಿದೆ. ಗೋಡೆಯ ತೇವಕ್ಕೆ ಗಾಜಿನೊಳಗೆ ಬೂಷ್ಟು ಬಂದು ಯೇಸುವಿನ ಮುಖ ಅರ್ಧ ಅಳಿಸಿಹೋಗಿದೆ. ಒರೆಸಿ ನೋಡಿದೆ. ಫ್ರೇಮ್ ಅಂಗಡಿಯವರಿಗೂ ತೋರಿಸಿದೆ, ಚಿತ್ರ ಉಳಿಯಲ್ಲ ಅಂದರು.

ಗರಿಯದ್ದು ಚಿಂತೆಯಿಲ್ಲ, ಚರ್ಚಿಗೆ ಕೊಟ್ಟರೆ ಬೂದಿ ಬುಧವಾರ (ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ದಿನ) ಹಣೆಗೆ ಹಚ್ಚೋಕೆ ಸುಟ್ಟು ಬೂದಿ ಮಾಡುತ್ತಾರೆ. ಆದರೆ ಆಶೀರ್ವಾದ ಮಾಡಿಸಿದ ಪಟ ಕಸಕ್ಕೆ ಹಾಕುವಂತಿಲ್ಲ, ಸುಡಬೇಕು ಇಲ್ಲವೇ ಹೂಳಬೇಕು. ಮೂರನೇ ಮಹಡಿಯಲ್ಲಿ ಮಣ್ಣೆಲ್ಲಿ? ಸುಡೋಣ ಅಂದರೆ ಅತ್ತೆ ಅಳುತ್ತಾರೆ. ಅವರ ಮನಸ್ಸು ನೋಯಿಸೋಕೆ ನನಗೂ ಇಷ್ಟವಿಲ್ಲ.

ಇಂಥ ಪಟವನ್ನು ನಿಮ್ಮ ಚರ್ಚಿನಲ್ಲಿ ತೆಗೆದುಕೊಳ್ಳುತ್ತಾರಾ? ಹೊಸ ಪಟ ಅದೇ ಜಾಗದಲ್ಲಿಟ್ಟರೂ ಫಾದರ್ ಹತ್ತಿರ ಮತ್ತೆ ಆಶೀರ್ವಾದ ಮಾಡಿಸಬೇಕಾ?