‘ಸೂಕ್ಷ್ಮಾಣು ನಿರೋಧಕ ಲೇಪನ’: ಹತ್ತಿ ಬಟ್ಟೆಗೆ ಈ ಮಾತು ಒಪ್ಪುತ್ತದೆಯೇ?

ಗೆಳೆಯರೇ,

ಹಾಸನದ ಕೈಗಾರಿಕಾ ಪ್ರದೇಶದ ಒಂದು ಬಟ್ಟೆ ಕಾರ್ಖಾನೆಗೆ ಕನ್ನಡದಲ್ಲಿ ಕೈಪಿಡಿ ಬರೆದುಕೊಡುತ್ತಿದ್ದೇನೆ. ಓದುವವರು ಆಲೂರು, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಬಸ್ಸಿನಲ್ಲಿ ಬರುವ ಕೆಲಸಗಾರರು, ಜಾಸ್ತಿ ಹೆಣ್ಣುಮಕ್ಕಳು. ಆಸ್ಪತ್ರೆಯ ಹತ್ತಿ ಬೆಡ್‌ಶೀಟಿಗೆ ಬೆಳ್ಳಿಯ ನ್ಯಾನೋಕಣ (ಕಣ್ಣಿಗೆ ಕಾಣದಷ್ಟು ಸಣ್ಣ ಕಣ) ಸೇರಿಸುವ ಕೆಲಸದ ಬಗ್ಗೆ ಅದರಲ್ಲೊಂದು ಅಧ್ಯಾಯ. ಕೈಗೆ ಬಂದ ಕರಡಿನಲ್ಲಿ ‘ಸೂಕ್ಷ್ಮಾಣು ನಿರೋಧಕ ನ್ಯಾನೋಕಣ ಲೇಪನ’ ಎಂದಿದೆ. ಇದರಲ್ಲಿ ‘ನಿರೋಧಕ’, ‘ಲೇಪನ’ ಎರಡೂ ನನಗೆ ಸರಿ ಕಾಣುತ್ತಿಲ್ಲ.

ಜಲನಿರೋಧಕ ಅಂದರೆ ನೀರನ್ನು ಒಳಗೆ ಬಿಡದ್ದು. ಹಾಗಾದರೆ ಸೂಕ್ಷ್ಮಾಣು ನಿರೋಧಕ ಬಟ್ಟೆಯ ಹತ್ತಿರ ಸೂಕ್ಷ್ಮಾಣು ಸುಳಿಯುವುದೇ ಇಲ್ಲ ಅಂತ ಅರ್ಥ ಬರುತ್ತದೆ, ಅಲ್ವಾ? ನಡೆಯುವುದೇ ಬೇರೆ. ಬ್ಯಾಕ್ಟೀರಿಯಾ ಎಂದಿನಂತೆ ಬಟ್ಟೆಯ ಮೇಲೆ ಬಂದು ಕೂರುತ್ತದೆ. ತೇವ ಸಿಕ್ಕಾಗ ಕಣಗಳಿಂದ ಬೆಳ್ಳಿಯ ಅಯಾನುಗಳು, ಅಂದರೆ ವಿದ್ಯುದಂಶ ಇರುವ ಪರಮಾಣುಗಳು, ಬಿಡಿಸಿಕೊಂಡು ಬರುತ್ತವೆ. ಅವು ಬ್ಯಾಕ್ಟೀರಿಯಾದ ಪೊರೆಯನ್ನು ಕೆಡಿಸುತ್ತವೆ. ಪ್ರೋಟೀನಿನಲ್ಲಿ ಗಂಧಕ ಇರುವ ಕಡೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತವೆ.

ಇದರ ಜೊತೆಗೆ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾವನ್ನು ‘ಆಂಟಿಬಯೋಟಿಕ್ ನಿರೋಧಕ’ ಅನ್ನುವುದು ಈಗಾಗಲೇ ರೂಢಿಯಲ್ಲಿದೆ. ಅಲ್ಲಿ ನಿರೋಧಕ ಆಗಿರುವುದು ಬ್ಯಾಕ್ಟೀರಿಯಾ, ಇಲ್ಲಿ ಬಟ್ಟೆ. ಆಸ್ಪತ್ರೆಯ ಒಂದೇ ಹಾಳೆಯಲ್ಲಿ ಎರಡೂ ಬಂದರೆ ಓದುವವರ ಗತಿಯೇನು?

ಸುಮ್ನೆ ‘ತಡೆ’ ಅಂತ ಹಾಕಿ ಅನ್ನುವವರು ಇದ್ದಾರೆ. ಆದರೆ ಅದಕ್ಕೂ ಎರಡು ಮುಖ. ‘ಈ ಬಟ್ಟೆ ಬ್ಯಾಕ್ಟೀರಿಯಾ ತಡೆಯುತ್ತೆ’ ಅಂದರೆ ಅಡ್ಡ ನಿಲ್ಲುತ್ತದೆ. ‘ಈ ಬಟ್ಟೆ ಇಪ್ಪತ್ತು ಒಗೆತ ತಡೆಯುತ್ತೆ’ ಅಂದರೆ ತಾಳಿಕೊಳ್ಳುತ್ತದೆ. ಒಗೆದಾಗ ಒಂದಿಷ್ಟು ಬೆಳ್ಳಿ ನೀರಿಗೆ ಹೋಗುವುದರಿಂದ ಒಗೆತದ ಲೆಕ್ಕ ಇಲ್ಲಿ ಮುಖ್ಯ. ಕೈಪಿಡಿಗೆ ಎರಡೂ ಮಾತು ಬೇಕು.

‘ನಿರೋಧಕ’ದ ಬದಲು ‘ನಾಶಕ’ ಹಾಕುವ ಮೊದಲು ಲ್ಯಾಬ್ ವರದಿ ನೋಡಬೇಕು. ಎಎಟಿಸಿಸಿ 100 ಎಂಬ ಪರೀಕ್ಷೆಯಲ್ಲಿ ಬಟ್ಟೆಯ ಮೇಲೆ ಬ್ಯಾಕ್ಟೀರಿಯಾ ಬಿಟ್ಟು, 24 ಗಂಟೆಯ ನಂತರ ಎಷ್ಟು ಉಳಿದಿವೆ ಅಂತ ಎಣಿಸುತ್ತಾರೆ. ಎಎಟಿಸಿಸಿ 147 ಹಾಗಲ್ಲ. ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ತಟ್ಟೆಯಲ್ಲಿ ಅದರ ಗೆರೆ ಎಳೆದು, ಮೇಲೆ ಬಟ್ಟೆಯ ತುಂಡು ಒತ್ತಿ, ಬೆಳವಣಿಗೆ ಎಲ್ಲಿ ನಿಂತಿದೆ ಅಂತ ನೋಡುತ್ತಾರೆ. ಎಷ್ಟು ಸತ್ತವು ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಬರೀ ಎರಡನೆಯ ಪರೀಕ್ಷೆ ಪಾಸಾದ ಬಟ್ಟೆಗೆ ‘ನಾಶಕ’ ಅನ್ನುವುದು ಜಾಸ್ತಿಯಾಯಿತು. ‘ಬ್ಯಾಕ್ಟೀರಿಯಾ ಬೆಳೆಯಗೊಡದ’ ಅನ್ನುವುದು ನನಗೆ ಒಪ್ಪಿಗೆ. ‘ರೋಗಾಣು’ ಬೇಡವೇ ಬೇಡ. ಬಟ್ಟೆಯ ಮೇಲಿನ ಬ್ಯಾಕ್ಟೀರಿಯಾ ಎಲ್ಲವೂ ರೋಗ ತರುವುದಿಲ್ಲ. ಬೆವರು ನಾರುವುದಕ್ಕೆ ಕಾರಣವಾಗುವವೂ ಅದರಲ್ಲಿವೆ.

ಇನ್ನು ‘ಲೇಪನ’. ಲೇಪ ಅಂದರೆ ಮೇಲೆ ಬಳಿದದ್ದು, ಗಂಧದ ಹಾಗೆ ಒಂದು ಪದರ. ಟಾರ್ಪಾಲು, ರೆಕ್ಸಿನ್‌ಗೆ ಅದು ಸರಿ. ಇಲ್ಲಿ ಬಟ್ಟೆ ಬೆಳ್ಳಿಕಣ ಇರುವ ದ್ರಾವಣದ ತೊಟ್ಟಿಯಲ್ಲಿ ಮುಳುಗಿ, ಎರಡು ರೋಲರುಗಳ ನಡುವೆ ಹಿಂಡಿಸಿಕೊಂಡು, ಒಣಗಿ, ಆಮೇಲೆ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಲ್ಲಿ ಹಾದುಹೋಗುತ್ತದೆ. ದ್ರಾವಣ ನೂಲಿನ ಒಳಗೂ ಇಳಿದಿರುತ್ತದೆ. ಬೈಂಡರ್ (ಅಂಟಿಸುವ ವಸ್ತು) ಇಲ್ಲವೇ ಸಿಟ್ರಿಕ್ ಆಮ್ಲ ಬೆರೆಸಿದ್ದರೆ ಕಣಗಳು ಎಳೆಗೆ ಗಟ್ಟಿಯಾಗಿ ನಿಲ್ಲುವುದು ಈ ಬಿಸಿಯಲ್ಲೇ. ಕೆಲಸದವರು ಇದನ್ನು ಲೇಪನ ಅನ್ನುವುದಿಲ್ಲ, ‘ಫಿನಿಶಿಂಗ್’ ಅನ್ನುತ್ತಾರೆ. ಬಿಡಿಬಿಡಿಯಾಗಿ ಹೇಳುವುದಾದರೆ ಮುಳುಗಿಸಿ ಹಿಂಡುವುದು ಪ್ಯಾಡಿಂಗ್, ಬಿಸಿಯಲ್ಲಿ ಹಾಯಿಸುವುದು ಕ್ಯೂರಿಂಗ್. ಅವನ್ನು ಹಾಗೇ ಉಳಿಸಿಕೊಂಡಿದ್ದೇನೆ.

‘ಬೆಳ್ಳಿ ಲೇಪನ’ದಿಂದ ಇನ್ನೊಂದು ಪೇಚು. ಕರಡು ಓದಿದ ಒಬ್ಬಾಕೆ ದ್ರಾವಣದ ಕ್ಯಾನಿನೊಳಗೆ ಇಣುಕಿ, “ಸಾರ್, ಬೆಳ್ಳಿ ಎಲ್ಲಿ?” ಅಂದರು. ಒಳಗಿದ್ದದ್ದು ಕಂದು ನೀರು. ಅಷ್ಟು ಸಣ್ಣ ಕಣಗಳಾದಾಗ ಬೆಳ್ಳಿ ಹೊಳೆಯುವುದಿಲ್ಲ. ನೇರಳೆ, ನೀಲಿ ಕಡೆಯ ಬೆಳಕನ್ನು ಹೀರಿಕೊಂಡು ಹಳದಿಯಾಗಿಯೋ ಕಂದಾಗಿಯೋ ಕಾಣುತ್ತದೆ. ಬಿಳಿ ಬಟ್ಟೆಗೂ ಆ ಛಾಯೆ ಬರುವುದುಂಟು. ಲೇಪನ ಅಂತ ಓದಿದವರು ಜರಿಯ ಮಿಂಚು ನಿರೀಕ್ಷಿಸಿದರೆ ಅವರ ತಪ್ಪಲ್ಲ.

‘ನ್ಯಾನೋಕಣ’ದ ತಂಟೆಗೆ ನಾನು ಹೋಗುವುದಿಲ್ಲ. ‘ಅತಿಸೂಕ್ಷ್ಮ ಕಣ’ ಅಂದರೆ ಪಕ್ಕದಲ್ಲೇ ‘ಸೂಕ್ಷ್ಮಾಣು’ ನಿಂತಿರುತ್ತದೆ. ಬ್ಯಾಕ್ಟೀರಿಯಾ ಸುಮಾರು 1000 ನ್ಯಾನೋಮೀಟರ್, ಬೆಳ್ಳಿಯ ಕಣ 20 ಇದ್ದೀತು. ಐವತ್ತು ಪಟ್ಟು ವ್ಯತ್ಯಾಸ ಇರುವ ಎರಡನ್ನೂ ಸೂಕ್ಷ್ಮ ಅಂದರೆ ಹೇಗೆ?

ಸದ್ಯಕ್ಕೆ ‘ಬೆಳ್ಳಿಕಣ ಹಿಡಿಸಿದ ಬಟ್ಟೆ’ ಅಂತ ಬರೆದುಕೊಂಡಿದ್ದೇನೆ. ಬಟ್ಟೆಗೆ ಬಣ್ಣ ಹಿಡಿಯುತ್ತದೆ, ಕಲೆ ಕಚ್ಚುತ್ತದೆ. ಹಾಗಾಗಿ ಕ್ಯೂರಿಂಗ್‌ಗೆ ‘ಕಾಯಿಸಿ ಕಚ್ಚಿಸುವುದು’ ಅನ್ನಬಹುದೇ? ನಿಮ್ಮ ಕಡೆ ನೂಲಿಗೆ ಬಣ್ಣ ಹಾಕುವವರು, ಅದು ಬಿಡದ ಹಾಗೆ ಮಾಡುವುದಕ್ಕೆ ಏನನ್ನುತ್ತಾರೆ? ಬಲ್ಲವರು ಆ ಮಾತನ್ನು ವಾಕ್ಯದಲ್ಲೇ ಬರೆದು ತಿಳಿಸಿ. ಬಿಡಿ ಪದ ಸಿಕ್ಕರೆ ಎಲ್ಲಿ ಹೇಗೆ ಬಳಸುವುದೋ ಗೊತ್ತಾಗುವುದಿಲ್ಲ.